ಜ್ವಾಲಾಮುಖಿ ಮಾದರಿ ತಯಾರಿಕೆ: ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮಕ್ಕಳು ಸಿದ್ಧಪಡಿಸುವ ಮಾದರಿಗಳ ಪೈಕಿ ಜ್ವಾಲಾಮುಖಿಯು ಚಿರಪರಿಚಿತವಾದುದು. ಇದನ್ನು ಸುರಕ್ಷಿತವಾಗಿ ಹಾಗೂ ಸ್ಥಳೀಯ ಭೂರಚನೆಗೆ ಅನುಗುಣವಾಗಿ ತಯಾರಿಸಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ

ಬೆಳಗಾವಿ ನಗರವು ದಖ್ಖನ್ ಟ್ರ್ಯಾಪ್ ಎಂಬ ಲಾವಾ ಶಿಲಾಸ್ತರಗಳ ದಕ್ಷಿಣದ ಅಂಚಿನಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹೊರಹೊಮ್ಮಿದ ಈ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಆವರಿಸಿದೆ. ಖಾನಾಪುರ ತಾಲ್ಲೂಕಿನಲ್ಲಿ ಇದಕ್ಕಿಂತಲೂ ಬಹು ಪ್ರಾಚೀನವಾದ ಧಾರವಾಡ ಶಿಲೆಗಳೂ ಕಂಡುಬರುತ್ತವೆ.

ಈ ಲಾವಾ ಬಹುಪಾಲು ಶಿಖರದ ಬಾಯಿಯಿಂದ ಚಿಮ್ಮಿದುದಲ್ಲ; ನೆಲದ ಉದ್ದನೆಯ ಬಿರುಕುಗಳಿಂದ ಉಕ್ಕಿ, ಬಹುದೂರ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ‘ಟ್ರ್ಯಾಪ್’ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದಿದೆ. ಆದುದರಿಂದ ನಮ್ಮ ನಾಡಿನ ಮಾದರಿಗೆ ಶಂಕುವಿನಾಕಾರದ ಬೆಟ್ಟಕ್ಕಿಂತ ಬಿರುಕೇ ಸೂಕ್ತ.

2. ಅಗತ್ಯ ಸಾಮಗ್ರಿಗಳು

ಅಗಲವಾದ ತಟ್ಟೆ, ಜೇಡಿಮಣ್ಣು (ಹಂಚು ಮತ್ತು ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಸುಲಭವಾಗಿ ದೊರೆಯುತ್ತದೆ), ಅಡುಗೆ ಸೋಡಾ, ವಿನೆಗರ್ ಅಥವಾ ನಿಂಬೆರಸ, ಪಾತ್ರೆ ತೊಳೆಯುವ ದ್ರವ ಸಾಬೂನಿನ ಕೆಲವು ಹನಿ, ಕೆಂಪು ಬಣ್ಣ ಹಾಗೂ ಇದ್ದಿಲ ಪುಡಿ.

3. ತಯಾರಿಸುವ ವಿಧಾನ

ಅ) ತಟ್ಟೆಯಲ್ಲಿ ಜೇಡಿಮಣ್ಣನ್ನು ಸಮತಟ್ಟಾಗಿ ಹರಡಿ, ಮಧ್ಯದಲ್ಲಿ ಒಂದು ಗೇಣು ಉದ್ದದ ಕಿರಿದಾದ ಸೀಳನ್ನು ಮಾಡತಕ್ಕದ್ದು.
ಆ) ಸೀಳಿನುದ್ದಕ್ಕೂ ಎರಡು ಚಮಚ ಸೋಡಾ ತುಂಬಿ, ಸಾಬೂನು ಮತ್ತು ಬಣ್ಣ ಬೆರೆಸಿದ ವಿನೆಗರನ್ನು ನಿಧಾನವಾಗಿ ಸುರಿಯತಕ್ಕದ್ದು. ನೊರೆಯು ಎರಡೂ ಬದಿಗೆ ಹರಿಯುತ್ತದೆ.
ಇ) ನೊರೆ ಇಳಿದ ನಂತರ ಅದು ತಲುಪಿದ ಜಾಗದಷ್ಟಕ್ಕೆ, ಇದ್ದಿಲ ಪುಡಿ ಬೆರೆಸಿದ ಕಪ್ಪು ಮಣ್ಣಿನ ತೆಳು ಪದರವನ್ನು ಸೀಳನ್ನು ಬಿಟ್ಟು ಹಚ್ಚತಕ್ಕದ್ದು. ಇದನ್ನು ಮೂರು ಬಾರಿ ಪುನರಾವರ್ತಿಸಿ, ಒಂದು ಬದಿಯನ್ನು ಕತ್ತರಿಸಿದಲ್ಲಿ ಪದರಗಳು ಗೋಚರಿಸುತ್ತವೆ.

4. ಮಕ್ಕಳು ವಿವರಿಸಬೇಕಾದ ಅಂಶ

ಸೋಡಾ ಮತ್ತು ಆಮ್ಲ ಸೇರಿದಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ನೊರೆ ಉಕ್ಕುತ್ತದೆ. ನಿಜವಾದ ಜ್ವಾಲಾಮುಖಿಯಲ್ಲಿ ಈ ಕ್ರಿಯೆ ನಡೆಯುವುದಿಲ್ಲ. ಅಲ್ಲಿ ಕರಗಿದ ಶಿಲೆ ಮೇಲೇರಿದಂತೆ ಒತ್ತಡ ತಗ್ಗಿ, ಅದರೊಳಗಿನ ನೀರಾವಿ ಮತ್ತಿತರ ಅನಿಲಗಳು ಹಿಗ್ಗುತ್ತವೆ. ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳಬಲ್ಲ ವಿದ್ಯಾರ್ಥಿಯೇ ವಿಷಯವನ್ನು ಅರಿತವನು.

5. ಎಚ್ಚರಿಕೆ

ಕಿಡಿ ಮತ್ತು ಹಸಿರು ಬೂದಿ ಚಿಮ್ಮಿಸಲು ಅಮೋನಿಯಂ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಹರಳನ್ನು ಬಳಸುವ ರೂಢಿಯಿದೆ. ಇದು ಕ್ಯಾನ್ಸರ್‌ಕಾರಕ ವಸ್ತುವಾಗಿದ್ದು, ಇದರ ಧೂಳು ಶ್ವಾಸಕ್ಕೆ ಸೇರುವುದು ಅಪಾಯಕಾರಿ. ಯಾವುದೇ ಕಾರಣಕ್ಕೂ ಬಳಸಕೂಡದು. ಸಾಂದ್ರ ಆಮ್ಲಗಳನ್ನೂ ಬಳಸಕೂಡದು. ಸೋಡಾ ಮತ್ತು ವಿನೆಗರ್ ಬೆರೆಸಿದ ಬಾಟಲಿಯ ಮುಚ್ಚಳ ಮುಚ್ಚಿದರೆ ಅದು ಸಿಡಿಯಬಹುದು.

6. ಇನ್‌ಸ್ಪೈರ್ ಅವಾರ್ಡ್–ಮಾನಕ್ ಯೋಜನೆ

ಈ ಯೋಜನೆಗೆ ವಿದ್ಯಾರ್ಥಿಗಳ ನಾಮನಿರ್ದೇಶನವನ್ನು ಶಾಲೆಯೇ ಆನ್‌ಲೈನ್ ಮೂಲಕ ಸಲ್ಲಿಸುತ್ತದೆ. ಆಯ್ಕೆಯಾದವರಿಗೆ ಮಾದರಿ ತಯಾರಿಕೆಗಾಗಿ ರೂ. 10,000 ನೀಡಲಾಗುತ್ತದೆ. ಇಲ್ಲಿ ಅಪೇಕ್ಷಿಸುವುದು ಮಗುವಿನ ಸ್ವಂತ ಆಲೋಚನೆಯನ್ನು. ಪ್ರಚಲಿತ ಮಾದರಿಯ ನಕಲನ್ನಲ್ಲ. ಪೋಷಕರು ಅಂಗಡಿಯ ಸಿದ್ಧ ಮಾದರಿಗಳಿಗೆ ಹಣ ವ್ಯಯಿಸದೆ, ಮಕ್ಕಳೇ ಮಾಡಿ ಕಲಿಯಲು ಅವಕಾಶ ನೀಡಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಸಂಪರ್ಕಿಸಬಹುದು.