ಏಳು ವರ್ಷದ ತಾಯಿಪಾಠ

ಮೊದಲು ಅಲುಗಾಡಿದ್ದು ಹಗ್ಗ. ಆಮೇಲೆ ಎಲೆಗಳ ಮರೆಯಿಂದ ಕೆಂಗೂದಲಿನ ಉದ್ದನೆಯ ತೋಳೊಂದು ಇಳಿಯಿತು. ಬೋರ್ನಿಯೋ ದ್ವೀಪದಲ್ಲಿ ಮಲೇಷ್ಯಾಕ್ಕೆ ಸೇರಿದ ಸಬಾ ರಾಜ್ಯವಿದೆ. ಅಲ್ಲಿನ ಸಂಡಕನ್ ಪಟ್ಟಣದಿಂದ 25 ಕಿಲೋಮೀಟರ್ ದೂರದ ಸೆಪಿಲಾಕ್‌ಗೆ ನಾವು ಹೋಗಿದ್ದೆವು. ಅನಾಥ ಒರಾಂಗುಟಾನ್ ಮರಿಗಳನ್ನು ಸಾಕಿ ಕಾಡಿಗೆ ಮರಳಿಸುವ ಕೆಲಸ ಇಲ್ಲಿ 1964ರಿಂದ ನಡೆಯುತ್ತಿದೆ.

ಬಂದದ್ದು ಒಂದು ಎಳೆಯ ಹೆಣ್ಣು. ಒಂದು ಕೈ, ಒಂದು ಕಾಲು ಹಗ್ಗದಲ್ಲೇ ಇಟ್ಟುಕೊಂಡು, ಊಟವಿಡುವ ಅಟ್ಟಣೆಯ ಮೇಲಿದ್ದ ಬಾಳೆಹಣ್ಣು ಎತ್ತಿತು, ತುಟಿಯಿಂದಲೇ ಸಿಪ್ಪೆ ಸುಲಿಯಿತು. ನಮ್ಮ ತೊಡೆಮೂಳೆಯ ತುದಿಯನ್ನು ಸೊಂಟದ ಗುಳಿಗೆ ಬಿಗಿಯುವ ಅಸ್ಥಿರಜ್ಜು ಒರಾಂಗುಟಾನ್‌ಗೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಅದರ ಕಾಲು ಹೆಚ್ಚುಕಡಿಮೆ ಕೈಯಂತೆಯೇ ಎತ್ತ ಬೇಕಾದರೂ ತಿರುಗುತ್ತದೆ.

ಇಂಥ ಮೈಕಟ್ಟು ಹುಟ್ಟಿನಿಂದ ಬರುತ್ತದೆ, ಬದುಕುವ ವಿದ್ಯೆ ಬರುವುದಿಲ್ಲ. ಯಾವ ಹಣ್ಣು ಯಾವಾಗ ಮಾಗುತ್ತದೆ, ಯಾವ ಮರದ ತೊಗಟೆ ತಿನ್ನಬಹುದು, ಯಾವ ಕೊಂಬೆ ಮೈಭಾರ ತಾಳುತ್ತದೆ ಎಂಬುದನ್ನೆಲ್ಲ ಮರಿ ತಾಯಿಗೆ ಅಂಟಿಕೊಂಡೇ ನೋಡಿ ಕಲಿಯಬೇಕು. ಅದಕ್ಕೆ ಆರೇಳು ವರ್ಷ ಹಿಡಿಯುತ್ತದೆ. ಅದಕ್ಕೇ ತಾಯಿಯ ಎರಡು ಹೆರಿಗೆಗಳ ನಡುವೆ ಸಾಮಾನ್ಯವಾಗಿ ಏಳೆಂಟು ವರ್ಷಗಳ ಅಂತರ.

ಹಾಸಿಗೆಯ ವಿಷಯವನ್ನೇ ನೋಡಿ. ಒರಾಂಗುಟಾನ್ ಸಂಜೆಯಾಗುತ್ತಲೇ ಮರದ ಮೇಲೆ ಗೂಡು ಕಟ್ಟುತ್ತದೆ. ದಪ್ಪ ಕೊಂಬೆಗಳನ್ನು ಪೂರ್ತಿ ಮುರಿಯದೆ ಬಗ್ಗಿಸಿ ಒಂದಕ್ಕೊಂದು ಹೆಣೆಯುತ್ತದೆ, ಮೇಲೆ ಎಲೆಯುಳ್ಳ ರೆಂಬೆಗಳನ್ನು ಮೆತ್ತಗೆ ಹಾಸುತ್ತದೆ. ಮಳೆ ಬಂದರೆ ಚಾವಣಿಯೂ ಉಂಟು. ಕೆಲವೇ ನಿಮಿಷದ ಈ ಕೆಲಸ ಕೈಗೆ ಹತ್ತಲು ಮರಿಗೆ ವರ್ಷಗಳ ಅಭ್ಯಾಸ ಬೇಕು.

ತಾಯಿಯ ಈ ಪಾಠವನ್ನು ಸೆಪಿಲಾಕ್‌ನಲ್ಲಿ ಮನುಷ್ಯರು ಹೇಳಿಕೊಡಬೇಕಾಗಿದೆ. ಹೊಸ ಮರಿಯನ್ನು ಮೊದಲು ಬೇರೆಯಾಗಿಟ್ಟು ರೋಗ ತಪಾಸಣೆ ಮಾಡುತ್ತಾರೆ. ಆಮೇಲೆ ಹಗ್ಗ ಹತ್ತುವುದು, ಕೊಂಬೆ ಹಿಡಿಯುವುದು. ಕೊನೆಗೆ ಸುಮಾರು 43 ಚದರ ಕಿಲೋಮೀಟರ್‌ನ ಮೀಸಲು ಕಾಡು. ಅಟ್ಟಣೆಯ ಊಟವನ್ನು ಬೇಕೆಂದೇ ಸಪ್ಪೆಯಾಗಿ ಇಡುತ್ತಾರೆ, ಬೇಸರವಾಗಿ ಕಾಡಿನ ಹಣ್ಣು ಹುಡುಕಲಿ ಎಂದು. ಯಾವ ಒರಾಂಗುಟಾನ್ ಕೂಡ ಬರಲಿಲ್ಲವೆಂದು ಪ್ರವಾಸಿಗರು ಪೆಚ್ಚಾಗುವ ದಿನವೇ ಇಲ್ಲಿ ನಿಜವಾದ ಗೆಲುವಿನ ದಿನ ಎನ್ನುತ್ತೇನೆ ನಾನು.

ಮರಿಗಳು ಅನಾಥವಾಗುವುದು ಕಾಡು ಕಡಿದು ತಾಳೆ ತೋಟ ಹಾಕಿದಾಗ, ಇಲ್ಲವೇ ಮರಿಗಾಗಿ ತಾಯಿಯನ್ನು ಕೊಂದಾಗ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ನಮ್ಮದು. ನಮ್ಮ ಬಿಸ್ಕತ್ತು, ಬೇಕರಿ ತಿನಿಸು, ಸೋಪಿನಲ್ಲೂ ಅದಿದೆ. ಆ ಕಾಡಿಗೂ ನಮ್ಮ ಅಡುಗೆಮನೆಗೂ ಸಂಬಂಧವಿಲ್ಲ ಎನ್ನುವಂತಿಲ್ಲ.

ಆ ಕಡೆ ಹೋಗುವವರಲ್ಲಿ ಒಂದು ವಿನಂತಿ. ನಮ್ಮ ನೆಗಡಿ, ಕೆಮ್ಮು ಒರಾಂಗುಟಾನ್‌ಗಳಿಗೂ ಅಂಟುತ್ತದೆ. ಮೈ ಹುಷಾರಿಲ್ಲದಿದ್ದರೆ ಟಿಕೆಟ್ ದುಡ್ಡು ಹೋದರೂ ಹೋಗಲಿ, ಒಳಗೆ ಕಾಲಿಡಬೇಡಿ.