ತಟಸ್ಥ ಬಾವುಟದ ಸಾಹುಕಾರ

ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಲ್ಕತ್ತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರರಿಗೆ ಒಂದು ವಿಚಿತ್ರ ತಾಪತ್ರಯವಿತ್ತು. ಮೇಲ್ಸಂಪಾದನೆಯಿಂದ ಪೆಟ್ಟಿಗೆ ತುಂಬಿತ್ತು, ಆದರೆ ಅದನ್ನು ಊರಿಗೆ ಸಾಗಿಸುವ ದಾರಿ ಸುಲಭವಿರಲಿಲ್ಲ. ಕಂಪನಿಯ ಹುಂಡಿಯಲ್ಲೇ ಕಳಿಸೋಣವೆಂದರೆ ಅದಕ್ಕೊಂದು ಮಿತಿ. ಮೇಲಾಗಿ ಇಷ್ಟು ದುಡ್ಡು ಎಲ್ಲಿಂದ ಬಂತು ಎಂದು ಲಂಡನ್ನಿನಲ್ಲಿ ಯಾರಾದರೂ ಕೇಳಿಯಾರೆಂಬ ಭಯ. ಹೂಗ್ಲಿ ನದಿಯ ದಂಡೆಯಲ್ಲೇ ಸ್ವಲ್ಪ ಮೇಲೆ, ಶ್ರೀರಾಮಪುರದಲ್ಲಿ, ಡೆನ್ಮಾರ್ಕಿನ ಬಾವುಟ ಹಾರುತ್ತಿತ್ತು. ಅಲ್ಲಿ ಡೆನ್ಮಾರ್ಕಿನ ವ್ಯಾಪಾರಿಗೆ ಹಣವನ್ನು ಸಾಲವಾಗಿ ಕೊಟ್ಟರೆ ಅವನು ಅದರಲ್ಲಿ ಬಂಗಾಳದ ಹತ್ತಿಬಟ್ಟೆ ಕೊಂಡು ಹಡಗಿಗೆ ತುಂಬುತ್ತಿದ್ದ. ಸರಕು ಕೋಪನ್‌ಹೇಗನ್ನಿನಲ್ಲಿ ಹರಾಜಾಗುತ್ತಿತ್ತು. ಸಾಲ ಮಾತ್ರ ಲಂಡನ್ನಿನಲ್ಲಿ ಹುಂಡಿಯ ರೂಪದಲ್ಲಿ ತೀರುತ್ತಿತ್ತು. ದುಡ್ಡು ಇಂಗ್ಲಿಷರದು, ಬಟ್ಟೆ ನಮ್ಮ ನೇಕಾರರದು, ಬಾವುಟ ಡೆನ್ಮಾರ್ಕಿನದು.

ಈ ಬಾವುಟದ ನೆರಳಲ್ಲಿ ಬೆಳೆದವರಲ್ಲಿ ಮೊದಲ ಸಾಲಿನವನು ಫ್ರೆಡೆರಿಕ್ ಡಿ ಕೊನಿಂಕ್. ಅವನು ಹುಟ್ಟಿದ್ದು ಡೆನ್ಮಾರ್ಕಿನಲ್ಲಲ್ಲ. 1740ರಲ್ಲಿ, ಹಾಲೆಂಡಿನ ಹೇಗ್ ನಗರದಲ್ಲಿ, ಫ್ರೆಂಚ್ ಮಾತಾಡುವ ಪ್ರೊಟೆಸ್ಟಂಟ್ ಕುಟುಂಬದಲ್ಲಿ. 1763ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬದ ಹುಡುಗ, ಕೋಪನ್‌ಹೇಗನ್ನಿಗೆ ಬಂದಿಳಿದ.

ಬಂದವನಿಗೆ ಊರು ಪೂರಾ ಪರಕೀಯವೇನೂ ಆಗಿರಲಿಲ್ಲ. ಲೂಥರ್ ಪಂಥದ್ದೇ ಏಕಚಕ್ರಾಧಿಪತ್ಯವಿದ್ದ ಆ ದೇಶದಲ್ಲಿ ಕ್ಯಾಲ್ವಿನ್ ಪಂಥದವರಿಗೆ 1685ರಲ್ಲೇ ವಿಶೇಷ ಸವಲತ್ತು ಸಿಕ್ಕಿತ್ತು. ಅದರ ಹಿಂದೆ ಇದ್ದವಳು ಆ ಪಂಥಕ್ಕೇ ಸೇರಿದ್ದ ರಾಣಿ ಶಾರ್ಲೊಟ್ಟೆ ಅಮಾಲಿಯೆ. ಗೋಥರ್ಸ್‌ಗೇಡ್ ಬೀದಿಯ ರಿಫಾರ್ಮ್ಡ್ ಚರ್ಚು ಎದ್ದಿದ್ದೂ ಅವಳ ಒತ್ತಾಸೆಯಿಂದಲೇ. ಅಲ್ಲಿ ಫ್ರೆಂಚರ ಸಭೆಯೇ ಬೇರೆ, ಜರ್ಮನರ ಸಭೆಯೇ ಬೇರೆ. ಹೊರಗಿನಿಂದ ಬಂದ ವ್ಯಾಪಾರಿಗಳಿಗೆ ಇಂಥ ಚರ್ಚು ದೇವರ ಮನೆಯಷ್ಟೇ ಅಲ್ಲ, ಸಾಲಕ್ಕೆ ಜಾಮೀನು, ಮಗಳಿಗೆ ವರ, ಅಂಗಡಿಗೆ ಪಾಲುದಾರ ಸಿಗುವ ಜಾಗವೂ ಹೌದು.

ಎಲ್ಲವೂ ಹಿತವಾಗಿತ್ತು ಎನ್ನುವಂತಿಲ್ಲ. ಜರ್ಮನಿಯಿಂದ ಬಂದು ರಾಜವೈದ್ಯನಾಗಿ, ಕೊನೆಗೆ ರಾಜ್ಯವನ್ನೇ ಆಳತೊಡಗಿದ್ದ ಸ್ಟ್ರೂಯೆನ್ಸೆಯ ತಲೆ 1772ರಲ್ಲಿ ಉರುಳಿದ ಮೇಲೆ ಹೊರಗಿನವರ ಬಗ್ಗೆ ಅಸಮಾಧಾನ ಬಹಿರಂಗವಾಯಿತು. 1776ರಲ್ಲಿ ಬಂದ ಕಾನೂನು ಸರ್ಕಾರಿ ಹುದ್ದೆಗಳನ್ನು ರಾಜನ ನೆಲದಲ್ಲೇ ಹುಟ್ಟಿದವರಿಗೆ ಮೀಸಲಿಟ್ಟಿತು. ಕಾನೂನು ಬೀಗ ಹಾಕಿದ್ದು ಕಚೇರಿಯ ಬಾಗಿಲಿಗೆ. ಬಂದರಿನ ಬಾಗಿಲು ತೆರೆದೇ ಇತ್ತು.

ಅದೂ ಎಂಥ ಹೊತ್ತಿನಲ್ಲಿ! 1772ರ ಹೊಸ ಸನ್ನದು ಡೆನ್ಮಾರ್ಕಿನ ಏಷ್ಯಾಟಿಕ್ ಕಂಪನಿಗೆ ಚೀನಾದ ಚಹಾ ವ್ಯಾಪಾರವನ್ನು ಮಾತ್ರ ಉಳಿಸಿ, ಭಾರತದ ವ್ಯಾಪಾರವನ್ನು ಖಾಸಗಿಯವರಿಗೂ ಬಿಟ್ಟುಕೊಟ್ಟಿತು. 1777ರಲ್ಲಿ ಭಾರತದಲ್ಲಿದ್ದ ಡೆನ್ಮಾರ್ಕಿನ ನೆಲೆಗಳಾದ ತರಂಗಂಬಾಡಿ, ಶ್ರೀರಾಮಪುರಗಳ ಆಡಳಿತ ಕಂಪನಿಯಿಂದ ನೇರವಾಗಿ ದೊರೆಯ ಕೈಗೆ ಬಂತು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಸಮುದ್ರಕ್ಕೂ ಹಬ್ಬಿತು. ಫ್ರಾನ್ಸ್, ಸ್ಪೇನ್, 1780ರ ಕೊನೆಗೆ ಹಾಲೆಂಡ್ ಕೂಡ ಬ್ರಿಟನ್ನಿನ ಎದುರಾಳಿಗಳ ಸಾಲಿಗೆ ಸೇರಿದವು. ಇವರೆಲ್ಲರ ಹಡಗುಗಳಿಗೂ ಶತ್ರುವಿನ ಕೈಗೆ ಸಿಕ್ಕುವ ಭಯ. ಯುದ್ಧಕ್ಕಿಳಿಯದ ಡೆನ್ಮಾರ್ಕಿನ ಹಡಗಿಗೆ ಆ ಭಯವಿಲ್ಲದ್ದರಿಂದ ಎಲ್ಲರ ಸರಕೂ ಅದರತ್ತ ಹರಿಯಿತು. ನೀಲ್ಸ್ ಲುಂಡೆ ರೆಯೆರ್ಸನ್ ಎಂಬವನ ಪಾಲುದಾರಿಕೆಯಲ್ಲಿ ಡಿ ಕೊನಿಂಕ್ ಕಟ್ಟಿದ ಸಂಸ್ಥೆ ಈ ಗಳಿಗೆಯನ್ನು ಬಿಡದೆ ಬಾಚಿಕೊಂಡಿತು. ಕೋಪನ್‌ಹೇಗನ್ನಿಗೆ ಬಂದ ಏಷ್ಯಾದ ಸರಕಿನಲ್ಲಿ ಹೆಚ್ಚಿನ ಪಾಲು ಅಲ್ಲಿ ಉಳಿಯುತ್ತಿರಲಿಲ್ಲ. ಹರಾಜಾಗಿ ಮತ್ತೆ ಯೂರೋಪಿನ ಬೇರೆ ಮಾರುಕಟ್ಟೆಗಳಿಗೆ ಹೊರಟುಬಿಡುತ್ತಿತ್ತು.

ಲಾಭ ಬಂದ ಮೇಲೆ ಏನು ಮಾಡುವುದು? 1780ರ ದಶಕದ ಆರಂಭದಲ್ಲಿ ಅವನು ರಾಜಧಾನಿಯ ಉತ್ತರಕ್ಕೆ, ಫ್ಯೂರೆಸೋ ಸರೋವರದ ದಂಡೆಯ ಡ್ರೊನ್ನಿಂಗ್‌ಗೋರ್ ಜಮೀನನ್ನು ಕೊಂಡ. ಹಿಂದಿನ ಶತಮಾನದ ರಾಣಿ ಸೋಫಿ ಅಮಾಲಿಯೆಯ ನೆಲೆಯಾಗಿದ್ದ ಜಾಗವದು. ಸರೋವರಕ್ಕೆ ಚಾಚಿಕೊಂಡ ಮೂಲೆಯಲ್ಲಿ ವಾಸ್ತುಶಿಲ್ಪಿ ಆಂಡ್ರಿಯಾಸ್ ಕಿರ್ಕೆರುಪ್‌ನಿಂದ ಬಂಗಲೆ ಕಟ್ಟಿಸಿದ. ಫ್ರೆಡೆರಿಕ್ಸ್‌ಬರ್ಗ್ ರಾಜೋದ್ಯಾನದಲ್ಲಿ ಇವತ್ತಿಗೂ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಚೀನೀ ಮಂಟಪವನ್ನು ಮುಂದೆ ಕಟ್ಟಿದವನೂ ಇದೇ ಕಿರ್ಕೆರುಪ್. ಬಂಗಲೆಯ ಸುತ್ತ ಹೊಸ ಇಂಗ್ಲಿಷ್ ಮಾದರಿಯ ತೋಟ ಬಂತು. ಗೆರೆ ಎಳೆದು ಕತ್ತರಿಸಿದ ಗಿಡಗಳ ಕಾಲ ಮುಗಿದಿತ್ತು. ಬಳಸಿ ಬಳಸಿ ಸಾಗುವ ಹಾದಿ, ಮರಗಳ ಸಂದಿಯಿಂದ ಥಟ್ಟನೆ ಕಾಣುವ ನೀರು, ಅಲ್ಲಲ್ಲಿ ಸ್ಮಾರಕಗಳು: ಇದು ಆಗಿನ ಹೊಸ ಶೋಕಿ. ಈ ಬಗೆಯ ತೋಟಗಳಲ್ಲಿ ಸನ್ಯಾಸಿಗೆಂದು ಗುಡಿಸಲು ಕಟ್ಟಿಸುವ ಹುಚ್ಚೂ ಯೂರೋಪಿನ ಶ್ರೀಮಂತರಿಗಿತ್ತು. ಹುಂಡಿ, ಬಡ್ಡಿ, ವಿಮೆಗಳ ನಡುವೆ ದಿನ ಕಳೆಯುವವರಿಗೆ ವೈರಾಗ್ಯವನ್ನೂ ಗುತ್ತಿಗೆಗೆ ಕೊಟ್ಟು ಕಟ್ಟಿಸಬೇಕೆನಿಸಿದ್ದು ತಮಾಷೆಯೇ.

ಹೀಗೆ ಬೇರು ಬಿಟ್ಟವನು ಅವನೊಬ್ಬನೇ ಅಲ್ಲ. ಕೋಪನ್‌ಹೇಗನ್ನಿನ ಕ್ರಿಸ್ಟಿಯಾನ್ಸ್‌ಹೌನ್‌ನ ಧಕ್ಕೆಯಲ್ಲಿ ಇಂಗ್ಲೆಂಡಿನಿಂದ ಬಂದ ಪೀಟರ್ ಆಪಲ್‌ಬೈ ಹಡಗಿನ ಹಗ್ಗ ಹೊಸೆಯುವ ಕಾರ್ಖಾನೆ ನಡೆಸಿದ್ದ. ಆ ಜಾಗಕ್ಕೆ ಈಗಲೂ ಅವನದೇ ಹೆಸರು. ಜರ್ಮನಿಯ ವಿಸ್ಮಾರ್‌ನಿಂದ ಬಂದ ಕಾನ್‌ಸ್ಟಾಂಟಿನ್ ಬ್ರೂನ್ ರಾಜನ ವೆಸ್ಟ್ ಇಂಡೀಸ್ ವ್ಯಾಪಾರದ ಮುಖ್ಯಸ್ಥನಾಗಿ, 1790ರಲ್ಲಿ ಬಾಗ್ಸ್‌ವೆರ್ ಸರೋವರದ ದಂಡೆಯ ಸೋಫಿಯೆನ್‌ಹೋಲ್ಮ್ ಕೊಂಡ. ಅವನ ಹೆಂಡತಿ, ಲೇಖಕಿ ಫ್ರೆಡೆರಿಕೆ ಬ್ರೂನ್, ಕವಿಗಳನ್ನೂ ಕಲಾವಿದರನ್ನೂ ಮನೆಗೆ ಕರೆಸಿ ಸಾಹಿತ್ಯಗೋಷ್ಠಿ ನಡೆಸಿದಳು. ಆ ಗೋಷ್ಠಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ವೆಸ್ಟ್ ಇಂಡೀಸ್ ವ್ಯಾಪಾರವೆಂದರೆ ಸೇಂಟ್ ಕ್ರಾಯ್ ದ್ವೀಪದ ಸಕ್ಕರೆ. ಆ ಕಬ್ಬು ಬೆಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಗುಲಾಮರ ಸಾಗಣೆ ನಿಲ್ಲಿಸಲು 1792ರಲ್ಲೇ ಆಜ್ಞೆ ಹೊರಟರೂ ಅದು ಜಾರಿಗೆ ಬಂದದ್ದು 1803ರಲ್ಲಿ. ದ್ವೀಪಗಳಲ್ಲಿ ಗುಲಾಮಗಿರಿ ಅದರ ನಂತರವೂ ದಶಕಗಳ ಕಾಲ ಮುಂದುವರಿಯಿತು.

ಡಿ ಕೊನಿಂಕ್ ಸಂಸ್ಥೆಯ ಎರಡನೇ ಸುಗ್ಗಿ 1795ರ ನಂತರ. ಫ್ರೆಂಚ್ ಸೇನೆ ಹಾಲೆಂಡನ್ನು ಆಕ್ರಮಿಸಿತು, ಡಚ್ ಹಡಗುಗಳು ಬ್ರಿಟಿಷರ ಬೇಟೆಯಾದವು. ಬಟಾವಿಯಾದ, ಅಂದರೆ ಈಗಿನ ಜಕಾರ್ತದ, ಉಗ್ರಾಣಗಳಲ್ಲಿ ಸರಕು ಕೊಳೆಯುವ ಸ್ಥಿತಿ. ಅದನ್ನು ಡೆನ್ಮಾರ್ಕಿನ ಬಾವುಟದಡಿ ತರುವ ವ್ಯಾಪಾರದಲ್ಲಿ ಹೇಗ್‌ನಲ್ಲಿ ಹುಟ್ಟಿದವನ ಮನೆತನ ಮುಂದಾಗಿದ್ದದ್ದು ಸಹಜ. ಸರಕಿನ ನಿಜವಾದ ಒಡೆಯ ಯಾರು ಎಂಬುದು ಬ್ರಿಟಿಷರ ಪ್ರಶ್ನೆ. ಕಾಗದ ಪತ್ರದಲ್ಲಿ ಎಲ್ಲವೂ ಡೆನ್ಮಾರ್ಕಿನದೇ. ಕಾಗದವನ್ನು ನಂಬುವವರೆಗೆ ವ್ಯಾಪಾರ ನಡೆಯಿತು.

ನಂಬುವುದು ನಿಂತೂ ಹೋಯಿತು. ತನ್ನ ಕಾವಲಿನಲ್ಲಿದ್ದ ಹಡಗುಗಳನ್ನು ತಪಾಸಣೆ ಮಾಡಲು ಬಿಡದ ಡೆನ್ಮಾರ್ಕಿನ ಯುದ್ಧನೌಕೆ ಫ್ರೆಯಾದ ಜೊತೆ 1800ರ ಜುಲೈನಲ್ಲಿ ಬ್ರಿಟಿಷರು ಗುಂಡಿನ ಕಾಳಗಕ್ಕಿಳಿದರು. 1801ರ ಏಪ್ರಿಲ್ 2ರಂದು ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಕೋಪನ್‌ಹೇಗನ್ನಿನ ಎದುರಿಗೇ ಬಂದ. 1807ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಫಿರಂಗಿಗಳಿಂದ ನಗರಕ್ಕೇ ಬೆಂಕಿಯಿಟ್ಟು, ದೇಶದ ನೌಕಾಪಡೆಯನ್ನು ಎಳೆದೊಯ್ದರು. ತಟಸ್ಥ ದೇಶ ಯುದ್ಧಕ್ಕೆ ಬಿತ್ತು. ಸಮುದ್ರದ ಮೇಲಿದ್ದ ವ್ಯಾಪಾರಿ ಹಡಗುಗಳು ಶತ್ರುವಿನ ಪಾಲಾದವು, ಮರುವರ್ಷ ತರಂಗಂಬಾಡಿಯೂ ಬ್ರಿಟಿಷರ ವಶವಾಯಿತು. ಡಿ ಕೊನಿಂಕ್ 1811ರಲ್ಲಿ ತೀರಿಕೊಂಡ. ಎರಡು ವರ್ಷದಲ್ಲಿ ಡೆನ್ಮಾರ್ಕ್ ಸರ್ಕಾರವೇ ದಿವಾಳಿ ಘೋಷಿಸಿತು. ಅವನ ಸಂಸ್ಥೆ ಕುಂಟುತ್ತ ಸಾಗಿ 1822ರಲ್ಲಿ ಬಾಗಿಲು ಹಾಕಿತು.

ಪಾಲುದಾರ ರೆಯೆರ್ಸನ್ ಮಾತ್ರ ಇದನ್ನೆಲ್ಲ ನೋಡದೆ 1795ರಲ್ಲೇ ತೀರಿಕೊಂಡಿದ್ದ. ಅವನು ಆಸ್ತಿಯನ್ನು ಕೈಗಾರಿಕೆಗಳ ನೆರವಿಗೆಂದು ನಿಧಿಯಾಗಿ ಬರೆದಿಟ್ಟದ್ದರಿಂದ ಹೆಸರು ಅಲ್ಲಿ ಉಳಿಯಿತು.

ಡಿ ಕೊನಿಂಕ್‌ನ ಹೆಸರು ಉಳಿದದ್ದು ನೆಲದಲ್ಲಿ. ಅವನ ಬಂಗಲೆ ಈಗ ನೆಸೆಸ್ಲೊಟ್ಟೆಟ್ ಎಂಬ ಹೆಸರಲ್ಲಿ ನಿಂತಿದೆ. ಸುತ್ತಲಿನ ಹೋಲ್ಟೆ ಇಂದು ರಾಜಧಾನಿಯ ಸ್ಥಿತಿವಂತರ ಬಡಾವಣೆ. ಅಲ್ಲಿನ ಒಂದು ರಸ್ತೆಗೂ ಒಂದು ಶಾಲೆಗೂ ಡ್ರೊನ್ನಿಂಗ್‌ಗೋರ್ ಎಂದೇ ಹೆಸರು. ಹೋಲ್ಟೆಯಲ್ಲೇ ಈ ಕುಟುಂಬಕ್ಕಾಗಿ ಫ್ರೆಡೆರಿಕ್ಸ್‌ಲುಂಡ್ ಎಂಬ ಮತ್ತೊಂದು ಮನೆ ಎದ್ದಿತು. ಅದರ ವಾಸ್ತುಶಿಲ್ಪಿ ಜೋಸೆಫ್ ರಾಮೇ ಕೂಡ ಹೊರಗಿನವನೇ, ಫ್ರಾನ್ಸಿನ ಕ್ರಾಂತಿಯ ಗದ್ದಲದಿಂದ ದೇಶ ಬಿಟ್ಟವನು. ಬ್ರೂನ್‌ನ ಸೋಫಿಯೆನ್‌ಹೋಲ್ಮ್‌ಗೆ ಹೊಸ ರೂಪ ಕೊಟ್ಟ ಅವನು ಅಮೆರಿಕಕ್ಕೆ ದಾಟಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನ ಆವರಣಕ್ಕೆ ನಕ್ಷೆ ಹಾಕಿದ. ಸೋಫಿಯೆನ್‌ಹೋಲ್ಮ್ ಈಗ ಲ್ಯುಂಗ್‌ಬೈ-ಟಾರ್ಬೆಕ್ ಪುರಸಭೆಯ ಒಡೆತನದಲ್ಲಿರುವ ಕಲಾಭವನ.