ಐ-ಫೈವ್ ಸರಿ, ಎಷ್ಟನೇ ಸೂಲು?

ಮನೆಗೆ ಕಂಪ್ಯೂಟರ್ ತಂದವರನ್ನು ಯಾವುದು ತಂದಿರಿ ಎಂದು ಕೇಳಿ. ‘ಐ-ಫೈವ್ ಸಾರ್’ ಎನ್ನುತ್ತಾರೆ, ಎಮ್ಮೆ ಕೊಂಡವರು ‘ಮುರ್ರಾ’ ಎಂದ ಹಾಗೆ. ಹಳ್ಳಿಯಲ್ಲಾದರೆ ‘ಮುರ್ರಾ ಸರಿ, ಎಷ್ಟನೇ ಸೂಲು?’ ಎಂಬ ಮರುಪ್ರಶ್ನೆ ತಪ್ಪಿದ್ದಲ್ಲ. ಕಂಪ್ಯೂಟರಿನ ವಿಷಯದಲ್ಲಿ ಅದನ್ನು ಕೇಳುವವರಿಲ್ಲ.

ಇಂಟೆಲ್ ಕಂಪನಿ ತನ್ನ ಪ್ರೊಸೆಸರುಗಳಿಗೆ ಐ5 ಎಂಬ ಹೆಸರನ್ನು ಬಳಸತೊಡಗಿದ್ದು 2009ರಲ್ಲಿ. ಹತ್ತು ವರ್ಷ ಹಳೆಯ ಯಂತ್ರವೂ ಐ5, ಮೂರು ವರ್ಷದ್ದೂ ಐ5. ಸೂಲು ತಿಳಿಯುವುದು ಅದರ ಮುಂದಿನ ಅಂಕಿಯಿಂದ. ಐ5-7200ಯು ಎಂದಿದ್ದರೆ ಏಳನೇ ತಲೆಮಾರು. ಅಂಕಿ 1ರಿಂದ ಶುರುವಾದರೆ ಮೊದಲ ಎರಡನ್ನು ಸೇರಿಸಿ ಓದಬೇಕು: ಐ5-1135ಜಿ7 ಹನ್ನೊಂದನೆಯದು. ಈಚಿನ ಕೆಲವು ಚಿಪ್‌ಗಳ ಹೆಸರಿನಿಂದ ‘ಐ’ ಅಕ್ಷರವೇ ಬಿದ್ದುಹೋಗಿದೆ; ಅವು ಹೊಸವೆಂದೇ ತಿಳಿಯಿರಿ.

ಈ ಲೆಕ್ಕ ಯಾಕೆ ಬೇಕೆಂದರೆ, 2021ರಲ್ಲಿ ಬಂದ ವಿಂಡೋಸ್ 11 ಇಂಟೆಲ್ ಯಂತ್ರಗಳ ಪೈಕಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಹಿಂದಿನ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ಏಳನೇ ತಲೆಮಾರಿನ ಗಟ್ಟಿಮುಟ್ಟಾದ ಯಂತ್ರಗಳು ಹೀಗೆ ಅತ್ತ ಕೆಡಲಿಲ್ಲ, ಇತ್ತ ಬಾಳಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ನೋಡಲು ಹೋಗುವವರು ಈ ಅಂಕಿಯನ್ನು ತಾವೇ ಕಣ್ಣಾರೆ ಓದಿಕೊಳ್ಳಲಿ. ಹಳೆಯದಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದು. ಆದರೆ ಮುಂದಿನ ಅಪ್‌ಡೇಟ್ ಬಂದೀತೆಂದು ಯಾರೂ ಹೊಣೆ ಹೊರುವುದಿಲ್ಲ.

ಇನ್ನು ವೇಗದ ಮಾತು. ಕಂಪ್ಯೂಟರ್ ನಿಧಾನವಾದರೆ ಜನ ಪ್ರೊಸೆಸರನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಹಾರ್ಡ್ ಡಿಸ್ಕಿನದು. ಅದರೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯಿದೆ. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರುವವರೆಗೆ ಉಳಿದ ಕೆಲಸವೆಲ್ಲ ಕಾಯಬೇಕು. ಹೀಗೆ ಒಂದೊಂದು ಹುಡುಕಾಟಕ್ಕೆ ಸುಮಾರು 10 ಮಿಲಿಸೆಕೆಂಡು. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ, ಹುಡುಕಾಟ ಅದರ ನೂರನೇ ಒಂದು ಪಾಲು ಹೊತ್ತಿನಲ್ಲಿ ಮುಗಿಯುತ್ತದೆ. 2017ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪನ್ನು ಆನ್ ಮಾಡಿ, ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಕೊಟ್ಟು ಬರಬಹುದಿತ್ತು. ಡಿಸ್ಕ್ ಬದಲಿಸಿ ಎಸ್ಎಸ್‌ಡಿ ಹಾಕಿಸಿದೆ, ರ‍್ಯಾಮ್ 4 ಜಿಬಿ ಇದ್ದದ್ದನ್ನು 8 ಮಾಡಿಸಿದೆ. ಪ್ರೊಸೆಸರ್ ಅದೇ. ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತದೆ.

ಹೊಸದೇ ಬೇಕೆಂದರೆ ರ‍್ಯಾಮ್ 8 ಜಿಬಿಗಿಂತ ಕೆಳಗೆ ಇಳಿಯಬೇಡಿ, 16 ಆದರೆ ನಿಶ್ಚಿಂತೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದುಂಟು, ‘ಆಮೇಲೆ ಹೆಚ್ಚಿಸಬಹುದಾ?’ ಎಂದು ಮೊದಲೇ ಕೇಳಿಕೊಳ್ಳಿ. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹವಿರುವ ಅಗ್ಗದ ಸೆಲೆರಾನ್ ಲ್ಯಾಪ್‌ಟಾಪ್ ಮಾತ್ರ ಮುಟ್ಟಬೇಡಿ. ವಿಂಡೋಸ್ 11 ಕೇಳುವ ಕನಿಷ್ಠ ಅಳತೆಯೇ ಅಷ್ಟು, ಅದು ಕೂತ ಮೇಲೆ ನಿಮ್ಮ ಫೋಟೋಗಳು ನಿಂತುಕೊಂಡೇ ಇರಬೇಕು. ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ? ಕರೆಂಟು ಆಗಾಗ ಹೋಗುವ ಊರಾದರೆ ಡೆಸ್ಕ್‌ಟಾಪಿನ ಬೆಲೆಗೆ ಯುಪಿಎಸ್‌ನದನ್ನೂ ಸೇರಿಸಿ ಹೋಲಿಸಿ.

ಆಪರೇಟಿಂಗ್ ಸಿಸ್ಟಂ ಯಾವುದೆಂಬುದನ್ನು ನಿಮ್ಮ ಕೆಲಸ ತೀರ್ಮಾನಿಸುತ್ತದೆ, ಅಭಿಮಾನವಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ವಿಂಡೋಸೇ ಬೇಕು; ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಆ ತಂತ್ರಾಂಶದ ಈಗಿನ ಆವೃತ್ತಿ ವಿಂಡೋಸಿಗಾಗಿಯೇ ಬರೆದದ್ದು. ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಟೆಂಡರ್ ಹಾಕುವವರಿಗೂ ಅದೇ ಸಲೀಸು. ಆಪಲ್‌ನ ಮ್ಯಾಕ್ ಒಳ್ಳೆಯ ಯಂತ್ರ, ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಬೆಲೆಯೂ ಹಾಗೆಯೇ. ಉಳಿದಂತೆ ಬ್ಯಾಂಕು, ಇ-ಮೇಲ್, ಸೇವಾಸಿಂಧು ಅರ್ಜಿ, ಯೂಟ್ಯೂಬ್ ಎಲ್ಲ ಬ್ರೌಸರಿನೊಳಗಿನ ಕೆಲಸ. ಅಷ್ಟೇ ಸಾಕೆನ್ನುವ ಮನೆಗೆ ನಾನು ಹೇಳುವುದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಇದು ಈಗ ಹಲವು ರೂಪಗಳಲ್ಲಿ ಪುಕ್ಕಟೆ ಸಿಗುತ್ತದೆ. ವಿಂಡೋಸ್ ರೂಢಿಯಾದವರಿಗೆ ಲಿನಕ್ಸ್ ಮಿಂಟ್ ಬೇಗ ಒಗ್ಗುತ್ತದೆ. ವಿಂಡೋಸ್ 11 ಹೊರಗಿಟ್ಟ ಯಂತ್ರಗಳಿಗೂ ಇದು ಒಪ್ಪುತ್ತದೆ.

‘ಅದರಲ್ಲಿ ಕನ್ನಡ ಬರುತ್ತಾ?’ ಬರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶದಲ್ಲಿ ಬಳಕೆಗೆ ತಂದ ಕೀಲಿಮಣೆಯೇ ಲಿನಕ್ಸಿನ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲಿದೆ. ತಮಾಷೆಯೆಂದರೆ ಹಿಂದಿ, ಸಂಸ್ಕೃತ, ಮರಾಠಿಗಳಿಗೂ ಅಲ್ಲಿ ‘ಕಗಪ’ ಕೊಟ್ಟಿದ್ದಾರೆ. ಆ ಹೆಸರಿನ ಮೊದಲ ‘ಕ’ ಕನ್ನಡದ್ದೆಂದು ಆ ಭಾಷೆಗಳವರಲ್ಲಿ ಎಷ್ಟು ಜನರಿಗೆ ಗೊತ್ತೋ! ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್‌ಗಿಂತ ಮುಂಚಿನ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪಿಸಿದ್ದು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕೂತಿರುತ್ತದೆ, ಕನ್ನಡದ ವೇಷ ತೊಡಿಸುವುದು ಫಾಂಟು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಹಾಗಾಗಿ ಅಜ್ಜಿ ಹೇಳಿ ಬರೆಸಿದ ಹಾಡುಗಳು, ಸಂಘದ ನಡಾವಳಿಗಳು ಏನಿದ್ದರೂ ಯಂತ್ರ ಬದಲಿಸುವ ಮುಂಚೆಯೇ ಪರಿವರ್ತಕದಿಂದ ಯೂನಿಕೋಡಿಗೆ ತಂದು ಇನ್ನೊಂದು ಕಡೆ ನಕಲಿಟ್ಟುಕೊಳ್ಳಿ.

ಲಿನಕ್ಸಿಗೆ ಬದಲಾಗಲು ದುಡುಕಬೇಕಿಲ್ಲ. 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಅದನ್ನು ತುಂಬಿಸಿ, ಡಿಸ್ಕ್ ಮುಟ್ಟದೆ ಅಲ್ಲಿಂದಲೇ ನಡೆಸಿ ನೋಡಬಹುದು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಅಷ್ಟು ನೆನಪಿರಲಿ. ಒಂದು ಭಾನುವಾರ ಕೂತು ವೈಫೈ ಹಿಡಿಯುತ್ತದೆಯೇ, ದನಿ ಬರುತ್ತದೆಯೇ, ‘ರಾಷ್ಟ್ರೀಯ’ ಎಂದು ಕುಟ್ಟಿದರೆ ಒತ್ತುಗಳು ಜಾಗದಲ್ಲಿ ಕೂರುತ್ತವೆಯೇ ನೋಡಿ. ಕೊನೆಗೆ ಮನೆಯ ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆಯಿರಿ. ಸಾಮಾನ್ಯವಾಗಿ ಹಟ ಮಾಡುವುದು ಅದೇ.